ಸಣ್ಣಕ್ಕಿ ಮುಂದೆ ನಿಂತ ದಿನ

ಲಿಂಗಸುಗೂರಿನ ಶಿಕ್ಷಕರ ತರಬೇತಿಯಲ್ಲಿ ಎಲ್ಲರೆದುರು ‘ಗುಡ್, ಗುಡರ್’ ಎಂದು ಹೇಳಿ ಕೂತ ಮೇಲೆ, ಇಂಗ್ಲಿಷಿನಲ್ಲಿ ಒಂದಕ್ಕೊಂದನ್ನು ಹೋಲಿಸುವ ಪಾಠವೆಂದರೆ ನನಗೆ ಭೂತ ಕಂಡಂತೆ. ಬಳಗಾನೂರಿನ ನಮ್ಮ ಶಾಲೆಗೆ ಶಿಕ್ಷಣ ಇಲಾಖೆಯ ಸಾಹೇಬರು ಬಂದು ಅದೇ ಪಾಠ ನೋಡುತ್ತಾರೆಂದು ಹೆಡ್‌ಮೇಡಂ ತಿಳಿಸಿದರು. ಪಾಠ ಕೆಟ್ಟರೆ ಆರನೇ ತರಗತಿಯ ಇಂಗ್ಲಿಷ್ ಶಾಲೆಗೆ ಹೊಸದಾಗಿ ಬಂದಿದ್ದ ಮಾಸ್ತರರ ಪಾಲು. ಆ ಮಕ್ಕಳಿಗೆ ಎ, ಬಿ, ಸಿ ತಿದ್ದಿಸಿದವಳು ನಾನು. ಬಿಟ್ಟುಕೊಡುವ ಮನಸ್ಸಿರಲಿಲ್ಲ, ಉಳಿಸಿಕೊಳ್ಳುವ ಧೈರ್ಯವೂ ಇರಲಿಲ್ಲ.

ಒಂದು ವಾರ ಚಿಂತೆ ಮಾಡಿದೆ. ಆ ಕೆಲಸದಲ್ಲಿ ನನಗೆ ಒಳ್ಳೆಯ ಅನುಭವವಿದೆ. ಕೊನೆಗೆ ಸಿಂಧನೂರಿನಿಂದ ಮೂರು ತರದ ಅಕ್ಕಿ ತಂದೆ: ದಪ್ಪ, ನಡುತರ, ಸಣ್ಣ. ಪಾಠದ ದಿನ ಸಾಹೇಬರು ಬಂದು ಹಿಂದಿನ ಬೆಂಚಿನಲ್ಲಿ ಕುಳಿತರು. ನೆಲದ ಮೇಲೆ ಒಂದು, ಎರಡು, ಮೂರು ಎಂದು ಬರೆದು, ಮೂವರು ಹುಡುಗಿಯರ ಅಂಗೈಗೆ ಒಂದೊಂದು ಹಿಡಿ ಹಾಕಿ, ದಪ್ಪಕ್ಕಿಯವಳನ್ನು ಒಂದರಲ್ಲಿ ನಿಲ್ಲಿಸಿದೆ. ದೊಡ್ಡದೇ ಮೊದಲು ಎಂಬುದು ನನ್ನ ಲೆಕ್ಕ.

ತರಗತಿ ಗುಜುಗುಜು ಎಂದಿತು. ಸಣ್ಣಕ್ಕಿಯವಳು ತಾನಾಗಿ ಬಂದು ದಪ್ಪಕ್ಕಿಯವಳನ್ನು ಸರಿಸಿ ಒಂದರ ಮೇಲೆ ನಿಂತುಬಿಟ್ಟಳು. ಅವಳ ಅಪ್ಪ ಅಕ್ಕಿ ಗಿರಣಿಯಲ್ಲಿ ಚೀಲ ಹೊರುವವನು. ಸಾಹೇಬರ ಪೆನ್ನು ಮೇಲೆದ್ದಿತು. ಹಿಂದಕ್ಕೆ ಹೋಗೆಂದು ಅವಳನ್ನು ಕಣ್ಣಲ್ಲೇ ಬೇಡಿಕೊಂಡೆ.

“ದಪ್ಪಕ್ಕಿನ ಮುಂದ ನಿಲ್ಲಿಸ್ತಾರೇನ್ರಿ ಟೀಚರ್? ನಮ್ಮಪ್ಪ ನೋಡಿದ್ರ ನಗತಾನ್ರಿ.”

ಸರಿಯಾಗಿಯೇ ಹೇಳಿದ್ದಳು. ಭತ್ತ ಬೆಳೆಯುವ ಕಾಲುವೆ ಸೀಮೆಯಲ್ಲಿ ಹುಟ್ಟಿ, ಸಣ್ಣಕ್ಕಿಗೇ ಮೊದಲ ಮರ್ಯಾದೆ ಎಂಬುದನ್ನು ಮರೆತವಳು ನಾನೊಬ್ಬಳೇ. ಬರೆದು ತಂದಿದ್ದ ಪಾಠವನ್ನು ಮೇಜಿನ ಮೇಲಿಟ್ಟೆ.

“ಹಂಗಾರ ನೀನ ಹೇಳವ್ವ,” ಎಂದೆ.

ಅವಳು ವ್ಯಾಪಾರಿಯ ಹಾಗೆ ಅಂಗೈಯನ್ನು ಊದಿ, ಕಾಳು ಹರವಿ, ಗತ್ತಿನಿಂದ ಹೇಳಿದಳು: “ಮೈ ರೈಸ್ ಈಸ್ ದಿ ಸ್ಮಾಲೆಸ್ಟ್.” ಪಕ್ಕದವಳದನ್ನು ನೋಡಿ, “ಹರ್ ರೈಸ್ ಈಸ್ ಬಿಗ್ಗರ್.” ಮೂರನೆಯವಳದಕ್ಕೆ, “ದಟ್ ಈಸ್ ದಿ ಬಿಗ್ಗೆಸ್ಟ್. ಇಡ್ಲಿಗೆ ಆಗತದ.”

ಎಲ್ಲರೂ ನಕ್ಕರು. ದಪ್ಪಕ್ಕಿಯವಳು ಬಿಡಲಿಲ್ಲ, ಇಡ್ಲಿಗೆ ತನ್ನದೇ ಬೆಸ್ಟ್ ಎಂದು ಇಂಗ್ಲಿಷಿನಲ್ಲೇ ಜಗಳಕ್ಕೆ ನಿಂತಳು. ಬೆಂಚುಗಳಿಂದ ಬೆಟರ್, ಬೆಸ್ಟ್ ಎಂಬ ಕೂಗು. ನಾನು ಹೆದರುವ ಮೊದಲೇ ನನ್ನ ಗುಡರ್ ಭೂತ ಓಡಿಹೋಗಿತ್ತು. ಸಾಹೇಬರು ಎದ್ದು ಬಂದು, ತಮ್ಮ ಕೈಗೂ ಹಾಕಲು ಹೇಳಿ ಅಂಗೈ ಚಾಚಿದರು. ಅವರು ಮಸ್ಕಿಯ ರೈತರ ಮನೆಯವರಂತೆ. ಕಾಳು ಊದಿದ ರೀತಿಯೇ ಅದನ್ನು ಹೇಳುತ್ತಿತ್ತು.

ಹೊರಡುವಾಗ ಹೆಡ್‌ಮೇಡಂಗೆ ಹೇಳಿದರು: “ಈ ಕ್ಲಾಸು ಇವರ ಹತ್ರಾನ ಇರಲಿ ಬಿಡ್ರಿ.”

ಗದ್ದಲದಲ್ಲಿ ಮೂರೂ ಅಕ್ಕಿ ಬೆರೆತುಹೋಗಿದ್ದವು. ಮನೆಗೆ ತಂದು ಒಟ್ಟಿಗೇ ಬೇಯಿಸಿದೆ. ಅರ್ಧ ಮುದ್ದೆ, ಅರ್ಧ ಗಟ್ಟಿ. ಎರಡು ಸಲ ಬಡಿಸಿಕೊಂಡು ಉಂಡೆ.