ಹಿತ್ತಲ ಮನೆಯ ಒಲೆಕಲ್ಲು

ಬೆಳಕು ಹರಿಯುವ ಮುಂಚೆ ಹಾಲಿನಕ್ಕನಿಗೆ ಇಷ್ಟು ಕೆಲಸ: ಕೊಟ್ಟಿಗೆಯ ಸೆಗಣಿ ಬಾಚುವುದು, ಮೂರು ಹಸುಗಳ ಹಾಲು ಕರೆಯುವುದು, ಕ್ಯಾನು ತೊಳೆಯುವುದು, ಸ್ನಾನಕ್ಕೆ ನೀರು ಕಾಯಿಸುವುದು, ಅಂಗಳ ಗುಡಿಸುವುದು, ಹಿಂದಿನ ದಿನದ ಪಾತ್ರೆ ಉಜ್ಜುವುದು, ಗಂಡನ ಬುತ್ತಿಗೆ ತರಕಾರಿ ಹೆಚ್ಚುವುದು, ಡೈರಿಯ ಗಾಡಿ ಬರುವಷ್ಟರಲ್ಲಿ ಕ್ಯಾನುಗಳನ್ನು ರಸ್ತೆಗೆ ಹೊರುವುದು. ಹೋದ ತಿಂಗಳವರೆಗೂ ಇದರಲ್ಲಿ ಅರ್ಧಕ್ಕಿಂತ ಹೆಚ್ಚು ತಾನು ಮಾಡುತ್ತಲೇ ಇರಲಿಲ್ಲ ಎಂಬುದು ಸೊಂಟ ಹಿಡಿದುಕೊಂಡ ಮೇಲಷ್ಟೇ ಅವಳ ಗಮನಕ್ಕೆ ಬಂತು.

ಮಾಡುತ್ತಿದ್ದವಳು ದೊಡ್ಡಕ್ಕ, ಗಂಡನ ಅಕ್ಕ. ಕಟ್ಟಿಕೊಂಡವನ ಹೊಡೆತ ತಾಳಲಾರದೆ ಒಂದು ಟ್ರಂಕು ಹಿಡಿದು ತವರಿಗೆ ಬಂದವಳನ್ನು ಹಿತ್ತಲ ಹಳೆಯ ಮನೆಯಲ್ಲಿ ಇರಿಸಿದ್ದರು. ಇದ್ದದ್ದೇ ಎರಡು ಕೋಣೆ. ಒಂದರಲ್ಲಿ ಒಣಹುಲ್ಲು, ಇನ್ನೊಂದರಲ್ಲಿ ಅವಳು. ಹೀಗೆ ಹನ್ನೊಂದು ವರ್ಷ. ಹೋದ ತಿಂಗಳು ಹಾಲಿನಕ್ಕನ ಗಂಡ ಯಂತ್ರ ತರಿಸಿ ಆ ಮನೆಯನ್ನು ಕೆಡವಿಸಿದ. ಮಗಳು ಅಳಿಯ ಬಂದರೆ ಉಳಿಯಲು ಅಲ್ಲೊಂದು ಹೊಸ ಮನೆ ಏಳಬೇಕಿತ್ತು. “ನಾನೆಲ್ಲಿರಲಿ?” ಎಂದು ದೊಡ್ಡಕ್ಕ ಒಮ್ಮೆ ಕೇಳಿದಳು. ಅದೇ ಟ್ರಂಕು ಹಿಡಿದು ಪಟ್ಟಣದ ಹಾಸ್ಟೆಲೊಂದಕ್ಕೆ ಅಡುಗೆಯವಳಾಗಿ ಹೊರಟುಹೋದಳು.

ಕಾನೂನು ತಿಳಿದದ್ದು ಕೆಡವಿದ ಮೇಲೆ. ನಕ್ಷೆ ಬರೆಯುವವನು ಹಣೆ ಚಚ್ಚಿಕೊಂಡ.

“ಹೊಲದ ಜಾಗದಲ್ಲಿ ಹೊಸ ಮನೆಗೆ ಒಪ್ಪಿಗೆ ಇಲ್ಲ ಯಜಮಾನ್ರೇ. ಹಳೇ ಮನೇಲಿ ಜನ ವಾಸ ಇದ್ರು ಅಂತ ತೋರಿಸಿದ್ರೆ ಮಾತ್ರ ಅದೇ ಜಾಗದಲ್ಲಿ, ಅದೇ ಅಳತೆಗೆ ಕಟ್ಬಹುದು. ಅದೂ ವಾಸ ಇದ್ದೋರ ಹೆಸರಿಗೇ ಕೊಡೋದು. ಕೆಡವೋಕೆ ಮುಂಚೆ ನನ್ನ ಒಂದ್ಮಾತು ಕೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?”

ಗಂಡ ಅರ್ಜಿ ಹಾಕಿದ ಮರುವಾರ ಸ್ಥಳ ನೋಡಲು ಯೋಜನಾ ಕಚೇರಿಯ ಅಧಿಕಾರಿ ಬಂದಳು. ಮಣ್ಣಿನ ರಾಶಿಯ ಪಕ್ಕ ನಿಂತು ಕಡತ ಬಿಚ್ಚಿ, ಹೋದ ವರ್ಷದ ಮನೆಗಣತಿಯ ಹಾಳೆ ಓದಿದಳು: ಹಿತ್ತಲ ಕಟ್ಟಡ, ಹುಲ್ಲಿನ ಉಗ್ರಾಣ, ವಾಸವಿರುವವರು ಯಾರೂ ಇಲ್ಲ. ಕೆಳಗೆ ಹಾಲಿನಕ್ಕನ ಸಹಿ. ಆಮೇಲೆ ಚಪ್ಪಲಿಯ ತುದಿಯಿಂದ ಮಣ್ಣು ಸರಿಸಿದಳು. ಮಸಿ ಹಿಡಿದ ಮೂರು ಕಲ್ಲು ಕಂಡವು.

“ಇದೇನ್ರಮ್ಮ, ಒಲೆ! ನಿಮ್ಮ ಹುಲ್ಲು ಅಡುಗೆ ಮಾಡ್ಕೊಂಡು ಉಣ್ತಿತ್ತಾ?”

ನಕ್ಷೆಯವನು ನಕ್ಕ, ಗಂಡನೂ ನಕ್ಕ. ಹಾಲಿನಕ್ಕನಿಗೆ ನೆಲ ಬಾಯಿಬಿಟ್ಟರೆ ಸಾಕೆನಿಸಿತು.

ಆ ಸಹಿ ಹಾಕಿದ ದಿನ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಗಣತಿಯವನು ಬಾಗಿಲಲ್ಲಿ ನಿಂತು, “ಹಿಂದ್ಗಡೆ ಮನೇಲಿ ಯಾರಿದಾರಮ್ಮ?” ಎಂದ. ಹುಡುಗನ ತಾಯಿ ಕತ್ತು ತಿರುಗಿಸಿದಳು. ಗಂಡನನ್ನು ಬಿಟ್ಟು ಬಂದವಳೊಬ್ಬಳು ಈ ಮನೆಯಲ್ಲಿದ್ದಾಳೆ ಎಂದರೆ ಸಂಬಂಧ ಮುರಿದೀತು. “ಯಾರೂ ಇಲ್ಲಪ್ಪ, ಹುಲ್ಲು ಒಟ್ಟಿದೀವಿ” ಎಂದಳು ಹಾಲಿನಕ್ಕ. ಅಷ್ಟು ಸಲೀಸಾಗಿ. ಸಹಿ ಹಾಕಿ ತಿರುಗಿದರೆ ಅಡುಗೆಮನೆಯ ಬಾಗಿಲ ಸಂದಿಯಲ್ಲಿ ದೊಡ್ಡಕ್ಕ, ಕೈಯಲ್ಲಿ ಹನ್ನೆರಡು ಜನಕ್ಕೆ ತಾನೇ ಮಾಡಿದ ತಿಂಡಿಯ ತಟ್ಟೆ. ಅವಳು ತಟ್ಟೆಯನ್ನು ನೆಲಕ್ಕಿಟ್ಟು, ಹೊಸ್ತಿಲವರೆಗೆ ಮೆಲ್ಲಗೆ ತಳ್ಳಿ ಹಿಂದೆ ಸರಿದಳು. ನೆಂಟರು ಹೋದ ಮೇಲೆ ಎಲ್ಲರ ಎಂಜಲು ತಟ್ಟೆಗಳನ್ನು ತೊಳೆದಳು. ಆ ಮಾತನ್ನು ಒಂದು ದಿನವೂ ಎತ್ತಲಿಲ್ಲ.

ಒಲೆಕಲ್ಲು ಕಂಡ ಅಧಿಕಾರಿ ಒಂದು ನಮೂನೆ ಕೊಟ್ಟಳು. “ಆವತ್ತು ಸಹಿ ಹಾಕಿದೋರೇ ಸ್ವಂತ ಕೈಯಲ್ಲಿ ಬರೀಬೇಕು. ಯಾರಿದ್ರು, ಎಷ್ಟು ವರ್ಷ, ಆಗ ಯಾಕೆ ಇಲ್ಲ ಅಂದ್ರಿ. ಹದಿನೈದು ದಿನ ಟೈಮು.”

ಹದಿನಾಲ್ಕು ದಿನ ಆ ಹಾಳೆ ಅಡುಗೆಮನೆಯ ಡಬ್ಬಿಯ ಹಿಂದೆ ಬಿದ್ದಿತ್ತು. ಕೊನೆಯ ದಿನ ಊಟ ಮಾಡುತ್ತ ಗಂಡ ಹೇಳಿದ: “ನಾವಿಬ್ರೇ ಅಲ್ಲಿ ಮಲಗ್ತಿದ್ವಿ ಅಂತ ಗೀಚು, ಮುಗೀತು.”

“ದೊಡ್ಡಕ್ಕ ಇದ್ದಿದ್ದು?”

“ಅವಳ ಹೆಸರು ಹಾಕಿದ್ರೆ ಮನೆ ಅವಳದ್ದಾಗುತ್ತೆ. ಬೀಗರಿಗೆ ಬೇರೆ ಗೊತ್ತಾಗಿ ಮಗಳು ಅನುಭವಿಸ್ಬೇಕು. ತಲೆಗಿಲೆ ಕೆಟ್ಟಿದೆಯಾ ನಿಂಗೆ?” ಕೈ ತೊಳೆಯುತ್ತ ನಕ್ಕ. “ಒಂದ್ಸಲ ಇಲ್ಲ ಅಂದೋಳಿಗೆ ಇನ್ನೊಂದ್ಸಲ ಅನ್ನೋಕೇನು ಕಷ್ಟ?”

ಅವನು ಇಟ್ಟಿಗೆ ನೋಡಲು ಹೋದ. ಹಾಲಿನಕ್ಕ ಅವನ ತಟ್ಟೆ ಎತ್ತಲು ಬಗ್ಗಿದವಳು ಎತ್ತದೆ ಅಲ್ಲೇ ಕುಳಿತಳು. ಅವನು ಆಡಿದ್ದು ಸುಳ್ಳಲ್ಲ. ಕಷ್ಟವೇನೂ ಆಗಿರಲಿಲ್ಲ, ಅದೇ ಈಗ ಮೈಯನ್ನು ಸುಡುತ್ತಿತ್ತು. ಮಗಳ ಮುಖ ಕಣ್ಣೆದುರು ಬಂತು. ಆ ಮಗಳ ತಲೆ ಬಾಚಿ, ಜಡೆ ಹಾಕಿ ಶಾಲೆಗೆ ಕಳಿಸಿದ ದೊಡ್ಡಕ್ಕನ ಕೈಗಳೂ ಬಂದವು.

ಪೆನ್ನು ತೆಗೆದಳು. ವಾಸವಿದ್ದವರು: ನನ್ನ ಗಂಡನ ಅಕ್ಕ, ಒಬ್ಬಳೇ. ಎಷ್ಟು ವರ್ಷ: ಹನ್ನೊಂದು. ಹಿಂದೆ ತಪ್ಪು ಹೇಳಿದ ಕಾರಣಕ್ಕೆ ಎರಡು ಬೆರಳಗಲ ಜಾಗವಿತ್ತು. ‘ಮನೆಯ ಮರ್ಯಾದೆಗಾಗಿ’ ಎಂದು ಬರೆದು, ನೋಡಿ, ಹೊಡೆದುಹಾಕಿದಳು. ಪಕ್ಕದ ಖಾಲಿ ಅಂಚಿನಲ್ಲಿ ಚಿಕ್ಕ ಅಕ್ಷರದಲ್ಲಿ ಬರೆದಳು: ‘ನೆಂಟರು ಕೂತಿದ್ದರು. ಅವರಿಗೆ ತಿಂಡಿ ಮಾಡಿದವಳು ಅವಳೇ. ಅವಳು ಕೇಳಿಸಿಕೊಳ್ಳುವ ಹಾಗೆ, ಅವಳು ಇಲ್ಲ ಎಂದೆ.’

ಸಹಿ ಹಾಕಿದಳು. ಕಚೇರಿ ಮುಚ್ಚುವುದು ಐದಕ್ಕೆ. ಎಂಜಲು ತಟ್ಟೆಯನ್ನು ಇದ್ದಲ್ಲೇ ಬಿಟ್ಟು, ಬಾಗಿಲೆಳೆದುಕೊಂಡು, ಮೂರರ ಬಸ್ಸಿಗೆ ಹೊರಟಳು.