ಕ್ಲಾರಿನೆಟ್ ಮಾವನ ಮುಂದಿನ ಹಲ್ಲು

ನನ್ನ ಅಮ್ಮನ ಅಣ್ಣ ಊರಿಗೆಲ್ಲ ಕ್ಲಾರಿನೆಟ್ ಮಾಸ್ಟರ್, ನಮಗೆ ಕ್ಲಾರಿನೆಟ್ ಮಾವ. ಮದುವೆ ಮೆರವಣಿಗೆ, ಶಾಲೆಯ ವಾರ್ಷಿಕೋತ್ಸವ, ಹೊಸ ಅಂಗಡಿಯ ಉದ್ಘಾಟನೆ, ಏನಿದ್ದರೂ ಬ್ಯಾಂಡಿನ ಮುಂದೆ ಊದುತ್ತ ನಡೆಯುವವರು ಅವರೇ. ಮಾತಿನಲ್ಲಿ ಮಹಾ ಜಿಪುಣ, ಊದಲು ನಿಂತರೆ ಧಾರಾಳಿ.

ಅವರು ಆ ವಾದ್ಯಕ್ಕೆ ಮಾಡುವ ಉಪಚಾರ ಕಂಡರೆ ಅತ್ತೆಗೆ ಮೈಯೆಲ್ಲ ಉರಿಯುತ್ತಿತ್ತು. ಊದಿ ಮುಗಿಸಿದ ಕೂಡಲೇ, ತಮ್ಮ ಬೆವರು ಒರೆಸಿಕೊಳ್ಳುವ ಮೊದಲೇ, ಅದನ್ನು ಬಿಚ್ಚಿ, ಒಳಗೆ ಬಟ್ಟೆ ಎಳೆದು ತೇವ ತೆಗೆದು, ಪೆಟ್ಟಿಗೆಯಲ್ಲಿ ಮಲಗಿಸಬೇಕು. ಬೇರೆ ಯಾರೂ ಮುಟ್ಟುವಂತಿಲ್ಲ, ಅತ್ತೆಯೂ.

“ಕೊಳೆ ಕೂತ್ರೆ ವಾದ್ಯ ಹಾಳಾಗುತ್ತೆ” ಎನ್ನುತ್ತಿದ್ದರು. ಬಾಯಿಗೂ ಆ ಮಾತು ಸಲ್ಲುತ್ತದೆಂದು ಅವರಿಗೆ ಹೊಳೆದಿರಲಿಲ್ಲ.

ಹಲ್ಲುಜ್ಜುತ್ತಿರಲಿಲ್ಲ ಎಂದಲ್ಲ. ದವಡೆ ಹಲ್ಲುಗಳನ್ನು ಚೆನ್ನಾಗಿಯೇ ತಿಕ್ಕುತ್ತಿದ್ದರು. ಮುಂದಿನ ಹಲ್ಲುಗಳ ಬುಡಕ್ಕೆ ಮಾತ್ರ ಬ್ರಷ್ ಸೋಕಿಸುತ್ತಿರಲಿಲ್ಲ. ಊದುವವನಿಗೆ ತುಟಿಯೇ ಬಂಡವಾಳ, ಅದಕ್ಕೆ ಗೀರು ಬೀಳಬಾರದು ಎಂದು ಅವರ ಗುರುಗಳು ಹೇಳಿದ್ದರಂತೆ. ತುಟಿಗೆ ಹೇಳಿದ್ದನ್ನು ಮಾವ ಒಸಡಿಗೂ ಅನ್ವಯಿಸಿಕೊಂಡರು. ಒಮ್ಮೆ ಬ್ರಷ್ ತಾಗಿ ರಕ್ತ ಬಂದದ್ದೇ ನೆಪ, ಆಮೇಲೆ ಅಲ್ಲಿಗೆ ಬರೀ ನೀರು ಮುಕ್ಕಳಿಸುವುದಷ್ಟೇ.

ಕ್ಲಾರಿನೆಟ್ ಊದುವಾಗ ಮೇಲಿನ ಮುಂದಿನ ಹಲ್ಲು ಮೌತ್‌ಪೀಸಿನ ಮೇಲೆ ಊರಿ ನಿಲ್ಲಬೇಕು. ಹೋದ ವರ್ಷದಿಂದ ಎತ್ತರದ ಸ್ವರಕ್ಕೆ ಏರಿದಾಗಲೆಲ್ಲ ಅಲ್ಲಿ ಏನೋ ಅಲುಗತೊಡಗಿತು. ಮಾವ ದೂರಿದ್ದು ಮೌತ್‌ಪೀಸನ್ನು. ಸೈಕಲ್ ಟ್ಯೂಬಿನ ಚೂರು ಕತ್ತರಿಸಿ ಅದರ ಮೇಲೆ ಅಂಟಿಸಿದರು. ಅದಕ್ಕೂ ಸರಿಹೋಗದೆ ಹೊಸದನ್ನೇ ತಂದರು. ಅಲುಗುವುದು ಹಲ್ಲು ಎಂದು ಒಪ್ಪಿಕೊಂಡರೆ ಊದುವುದನ್ನು ಬಿಡಬೇಕಾದೀತೆಂದು ಅವರಿಗೆ ಹೆದರಿಕೆ. ಅದನ್ನು ಬಿಟ್ಟರೆ ಆ ಮನುಷ್ಯನಿಗೆ ಚಹಾ ಕಾಯಿಸಲೂ ಬಾರದು.

ಕೊನೆಗೆ ಅತ್ತೆ ನನ್ನನ್ನು ಕರೆಸಿದರು.

“ನೀನಾದ್ರೂ ಹೇಳಮ್ಮ. ಪಕ್ಕದಲ್ಲಿ ಕೂತ್ರೆ ಬಾಯಿ ವಾಸನೆ, ದಿಂಬಿನ ಮೇಲೆ ರಕ್ತದ ಕಲೆ. ಕೇಳಿದ್ರೆ ಉಷ್ಣ ಅಂತಾರೆ.”

“ಉಷ್ಣಾನೇ ಕಣೇ” ಎಂದರು ಮಾವ.

“ಹಾಗಾದ್ರೆ ಉಷ್ಣಾನೇ ತೋರಿಸ್ಕೊಂಡು ಬರೋಣ, ನಡೀರಿ ಮಾವ” ಎಂದು ಹಲ್ಲಿನ ಡಾಕ್ಟರಮ್ಮನ ಬಳಿಗೆ ಎಳೆದುಕೊಂಡು ಹೋದೆ.

ಡಾಕ್ಟರಮ್ಮ ಸಣ್ಣ ಕನ್ನಡಿ ಹಿಡಿದು ನೋಡಿದರು. “ಇಲ್ಲಿ ಬ್ರಷ್ ಮಾಡಲ್ವಾ ಮಾಸ್ಟ್ರೇ?”

“ರಕ್ತ ಬರುತ್ತೆ, ಅದಕ್ಕೇ ಮುಟ್ಟಲ್ಲ.”

“ಮುಟ್ಟದೆ ಇರೋದಕ್ಕೇ ರಕ್ತ ಬರ್ತಿರೋದು. ಬುಡದಲ್ಲಿ ಕೊಳೆ ಗಟ್ಟಿಯಾಗಿ ಒಸಡು ಬಿಟ್ಕೊಂಡಿದೆ, ಒಳಗಿನ ಮೂಳೆ ಕರಗ್ತಾ ಇದೆ. ಕರಗಿದ್ದು ವಾಪಸ್ ಬರಲ್ಲ. ಇರೋದನ್ನ ಉಳಿಸ್ಕೊಳ್ಳೋಣ.”

“ಊದಬಹುದಾ?”

“ಸದ್ಯಕ್ಕೆ ಬೇಡ. ಆಮೇಲೆ ನೋಡೋಣ.”

ಒಸಡಿನ ಒಳಗಿನವರೆಗೂ ಕ್ಲೀನ್ ಮಾಡಿಸಲು ಹಲವು ಸಲ ಹೋಗಬೇಕಾಯಿತು. ಮನೆಯಲ್ಲಿ ಬೆಳಿಗ್ಗೆ ಮತ್ತು ಮಲಗುವ ಮೊದಲು ಮೆತ್ತನೆಯ ಬ್ರಷ್ಷನ್ನು ಒಸಡಿನ ಅಂಚಿಗೆ ಓರೆಯಾಗಿ ಹಿಡಿದು ಮೆಲ್ಲಗೆ ಉಜ್ಜಬೇಕು, ಹಲ್ಲಿನ ಸಂದಿಗೆ ಬೇರೆ ಪುಟ್ಟ ಬ್ರಷ್. ಮೊದಮೊದಲು ರಕ್ತ ಕಂಡಾಗಲೆಲ್ಲ ಮಾವ ಕೈ ನಿಲ್ಲಿಸುತ್ತಿದ್ದರು. ಅತ್ತೆ ಹಿಂದೆಯೇ ನಿಂತಿರುತ್ತಿದ್ದರು. “ಬರಲಿ ಬಿಡ್ರೀ, ನಿಲ್ಲಿಸಬೇಡಿ ಅಂದಿದಾರೆ ಡಾಕ್ಟ್ರು.” ಬರುಬರುತ್ತ ರಕ್ತ ನಿಂತಿತು.

ಆ ದಿನಗಳಲ್ಲಿ ಒಮ್ಮೆ ನಾನು ಮಾವನ ಮನೆಯಲ್ಲಿದ್ದಾಗ ಬ್ಯಾಂಡು ಅವರ ಬೀದಿಯಲ್ಲೇ ಹಾದುಹೋಯಿತು, ಮುಂದೆ ಇನ್ಯಾರೋ ಊದುತ್ತಿದ್ದರು. ಮಾವ ಕಿಟಕಿಗೆ ಬೆನ್ನು ಹಾಕಿ ಕೂತು ಪೇಪರ್ ಓದಿದರು. ಹಲ್ಲನ್ನು ಈ ಗತಿಗೆ ತಂದುಕೊಂಡರಲ್ಲ ಎಂದು ಅವರ ಮೇಲೆ ನನಗಿದ್ದ ಸಿಟ್ಟೆಲ್ಲ ಅವತ್ತು ಇಳಿದು ಹೋಯಿತು. ಪಾಪ ಅನ್ನಿಸಿತು.

ಹಲ್ಲು ಮೊದಲಿನಷ್ಟು ಗಟ್ಟಿಯಾಗಲಿಲ್ಲ, ಆದರೆ ನಿಂತುಕೊಂಡಿತು. ಸ್ವಲ್ಪ ಸ್ವಲ್ಪ ಊದಿ ನೋಡಿ ಎಂದು ಡಾಕ್ಟರಮ್ಮ ಒಪ್ಪಿಗೆ ಕೊಟ್ಟ ದಿನ ನಾನೂ ಮಾವನ ಮನೆಯಲ್ಲೇ ಇದ್ದೆ. ಮಾವ ಕೆಳಗಿನ ಸ್ವರಗಳಲ್ಲೇ ಬಹಳ ಹೊತ್ತು ಅಡ್ಡಾಡಿದರು. ಆಮೇಲೆ ಕಣ್ಣು ಮುಚ್ಚಿ ಮೇಲಕ್ಕೇರಿದರು. ಎತ್ತರದ ಸ್ವರ ನಡುಗಿತು, ಮತ್ತೆ ನೇರವಾಗಿ ನಿಂತಿತು. ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಊದಿ ಮುಗಿಸಿದ ಮಾವ ಕ್ಲಾರಿನೆಟ್ಟನ್ನು ಹಾಗೇ, ತೇವವಾಗಿಯೇ, ಮೇಜಿನ ಮೇಲಿಟ್ಟು ಎದ್ದರು.

“ಮೊದಲು ಬಾಯಿ ಕ್ಲೀನ್ ಮಾಡ್ಕೊಂಡು ಬರ್ತೀನಿ. ಅದನ್ನ ನೀನೇ ಒರೆಸಿಡು” ಎಂದು ಅತ್ತೆಗೆ ಹೇಳಿ ಬಚ್ಚಲಿಗೆ ನಡೆದರು.

ಅತ್ತೆ ಸೀರೆಗೆ ಕೈ ಒರೆಸಿಕೊಂಡರು. ಆಮೇಲೂ ಸ್ವಲ್ಪ ಹೊತ್ತು ಅದನ್ನು ಮುಟ್ಟದೆ ನೋಡುತ್ತ ನಿಂತು, ಬಟ್ಟೆ ಕೈಗೆತ್ತಿಕೊಂಡರು.