ಹನ್ನೆರಡು ಗಂಟೆಯ ಕೂಗು

ಅವರ ಎರಡೂ ಕಿವಿಯಲ್ಲಿ ಯಾವಾಗಲೂ ಹತ್ತಿ ಇರುತ್ತಿತ್ತು. ಕೊಬ್ಬರಿ ಎಣ್ಣೆಯಲ್ಲಿ ಅದ್ದಿ, ಉಂಡೆ ಮಾಡಿ, ಹೆಬ್ಬೆರಳಿನಿಂದ ಒತ್ತಿ ಇಟ್ಟುಕೊಳ್ಳುತ್ತಿದ್ದರು. ವಾರ ಕಳೆಯುವುದರಲ್ಲಿ ಅದು ಮಸಿ ಹಿಡಿದು ಕರಿ ದ್ರಾಕ್ಷಿಯ ಹಾಗೆ ಆಗುತ್ತಿತ್ತು. ಭಾನುವಾರ ಬೆಳಿಗ್ಗೆ ಬಾಗಿಲ ಮೆಟ್ಟಿಲ ಮೇಲೆ ಕೂತು ಹಳೆಯದನ್ನು ತೆಗೆದು ಹೊಸದನ್ನು ಇಟ್ಟುಕೊಳ್ಳುವಾಗ, ಅಷ್ಟು ಹೊತ್ತು ಮಾತ್ರ ಅವರ ಮುಖ ಬೇರೆ ಯಾರದೋ ಮುಖದಂತೆ ಕಾಣುತ್ತಿತ್ತು.

ಭದ್ರಾವತಿಯ ಕ್ವಾರ್ಟರ್ಸಿನ ಸಾಲಿನಲ್ಲಿ ನಮ್ಮ ಪಕ್ಕದ ಮನೆ ಅವರದು. ಕಾರ್ಖಾನೆಯ ಬಾಯ್ಲರ್ ಮನೆಯಲ್ಲಿ ಸರಪಳಿ ಎಳೆದು ಸೈರನ್ ಕೂಗಿಸುವುದು ಅವರ ಕೆಲಸ. ಮೂವತ್ತು ವರ್ಷ ಆ ಸದ್ದಿನ ಬುಡದಲ್ಲೇ ನಿಂತು ಕಿವಿ ಮಂದವಾಗಿತ್ತು. ಸಾಲಿನವರೆಲ್ಲ ಅವರನ್ನು ಕೂಗಿನಣ್ಣ ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ. ಅವರ ಅಪ್ಪ ಸೇಲಂ ಕಡೆಯಿಂದ ಕೂಲಿಗೆ ಬಂದವರಂತೆ. ಮನೆಯೊಳಗೆ ತಮಿಳು, ಬೀದಿಯಲ್ಲಿ ಕನ್ನಡ, ಎರಡೂ ಒಂದೇ ಎತ್ತರದ ದನಿಯಲ್ಲಿ.

ಮಕ್ಕಳೇ, ನೀವು ಮೊಬೈಲಿನಲ್ಲಿ ಹೊತ್ತು ನೋಡುವವರು. ನಮಗೆ ಆಗ ಹೊತ್ತು ಎಂದರೆ ಕೂಗು. ಬೆಳಗಿನ ಕೂಗಿಗೆ ಒಲೆ ಹಚ್ಚುವುದು, ಹನ್ನೆರಡರ ಕೂಗಿಗೆ ಊಟ, ಒಂದರ ಕೂಗಿಗೆ ಮತ್ತೆ ಕೆಲಸ. ಮದುವೆಗೆ ಕರೆಯುವವರು ಸಹ "ಸಾಯಂಕಾಲದ ಕೂಗಿಗೆ ಬಂದ್ಬಿಡಿ" ಎನ್ನುತ್ತಿದ್ದರು. ವಾಚು ಕಟ್ಟಿದವರೂ ಕೂಗು ಕೇಳಿ ಮುಳ್ಳು ಸರಿಮಾಡಿಕೊಳ್ಳುತ್ತಿದ್ದರೇ ಹೊರತು ವಾಚು ನೋಡಿ ಕೂಗು ತಪ್ಪಾಯಿತು ಎಂದವರಿಲ್ಲ. ಕೂಗಿನಣ್ಣ ಜ್ವರ ಬಂದರೂ ಕಂಬಳಿ ಹೊದ್ದು ಹೋಗಿ ಸರಪಳಿ ಎಳೆದು ಬಂದವರು. ಕೂಗು ಅವರಿಗೆ ಕೇಳಿಸುತ್ತದೆಯೇ ಎಂದು ಒಮ್ಮೆ ಸನ್ನೆ ಮಾಡಿ ಕೇಳಿದ್ದೆ. ಎದೆ ಮುಟ್ಟಿ ತೋರಿಸಿ, "ಇಲ್ಲಿ" ಅಂದರು.

ನಿಮ್ಮ ತಾತ ತೀರಿಹೋದ ಮೂರು ತಿಂಗಳಿಗೆ ನಾನು ಕಾರ್ಖಾನೆಯ ಆಫೀಸಿಗೆ ಹೋಗಿ ಕೆಲಸ ಕೇಳಬೇಕಾಯಿತು. ಕುಂಸಿ ಹತ್ತಿರದ ಹಳ್ಳಿಯಲ್ಲಿ ಏಳನೇ ತರಗತಿ ಓದಿದವಳು ನಾನು. ಗಂಡಸರೆದುರು ನಿಂತರೆ ದನಿಯೇ ಏಳುತ್ತಿರಲಿಲ್ಲ. ಜೊತೆಗೆ ಬಾರಮ್ಮ ಎಂದು ಕೂಗಿನಣ್ಣನೇ ಕರೆದುಕೊಂಡು ಹೋದರು. ಗುಮಾಸ್ತ ತಲೆಯೆತ್ತದೆ, "ಏನಮ್ಮ, ಏನ್ ಬೇಕು?" ಅಂದ. ನಾನು ಅರ್ಜಿಯನ್ನು ಮೇಜಿನ ಅಂಚಿಗೆ ಇಟ್ಟೆ. ಹಿಂದಿನಿಂದ ಇವರು ಶುರು ಮಾಡಿದರು:

"ಸಾರ್! ಈ ಹೆಣ್ಮಗಳ ಯಜಮಾನ್ರು ನಮ್ಮ ಫ್ಯಾಕ್ಟ್ರೀಲೇ ಇದ್ದೋರು! ಮನೇಲಿ ಓದೋ ಹುಡುಗ ಇದಾನೆ! ಕ್ಯಾಂಟೀನಲ್ಲಿ ಜಾಗ ಖಾಲಿ ಇದೆ ಅಂತ ನಂಗೆ ಗೊತ್ತು!"

ಒಳಗಿನಿಂದ ಸಾಹೇಬರೊಬ್ಬರು ಎದ್ದು ಬಂದು ಗದರಿದರು. "ಯಾರ್ರೀ ಅದು ಕಿರುಚ್ತಿರೋದು?"

"ಕಿರುಚ್ತಿಲ್ಲ ಸಾರ್, ಮಾತಾಡ್ತಿದೀನಿ!"

ಇಡೀ ಆಫೀಸು ನಕ್ಕಿತು. ಆ ನಗುವಿನಲ್ಲೇ ನನ್ನ ಅರ್ಜಿ ಮೇಲಿನ ಮೇಜಿಗೆ ಹೋಯಿತು. ಕ್ಯಾಂಟೀನಿನಲ್ಲಿ ಕೆಲಸ ಸಿಕ್ಕಿತು, ಮನೆಯೂ ಉಳಿಯಿತು. ನಿಮ್ಮ ಅಪ್ಪ ಓದಿದ್ದು ಆ ಅನ್ನದಲ್ಲಿ. ಅವತ್ತು ವಾಪಸು ಬರುವಾಗ ಕೂಗಿನಣ್ಣ ಹೇಳಿದ್ದು ನೆನಪಿದೆ: "ನಿಂಗೆ ದನಿ ಇಲ್ಲ, ನಂಗೆ ಕಿವಿ ಇಲ್ಲ. ಇಬ್ರೂ ಸೇರಿದ್ರೆ ಒಬ್ಬ ಪೂರ್ತಿ ಮನುಷ್ಯ ಆಗ್ತೀವಿ ಕಣಮ್ಮ."

ಅವರಿಗೆ ಒಬ್ಬಳೇ ಮಗಳು. ಹೆಂಡತಿ ಬೇಗ ಹೋಗಿದ್ದರು. ಮಗಳಿಗೆ ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಎಡಗಾಲು ಸಣಕಲಾಗಿತ್ತು. ಮೊಣಕಾಲಿನ ಮೇಲೆ ಕೈಯೂರಿ ನಡೆಯುತ್ತಿದ್ದಳು. ಭದ್ರಾವತಿಯಲ್ಲೇ ಬಿ.ಕಾಂ. ಮುಗಿಸಿ, ಕಂಪ್ಯೂಟರನ್ನೂ ಕಲಿತಿದ್ದಳು. ಕೆಲಸ ಬೇಕೆಂದರೆ ಶಿವಮೊಗ್ಗಕ್ಕೆ ಹೋಗಬೇಕು. "ಹತ್ರಾನೇ ಅಲ್ವಾ, ಹದಿನೆಂಟು ಕಿಲೋಮೀಟರು" ಎನ್ನುತ್ತಿದ್ದರು ಜನ. ಕೂಗಿನಣ್ಣ ತಲೆ ಅಲ್ಲಾಡಿಸುತ್ತಿದ್ದರು. "ಕಿಲೋಮೀಟರ್ ಲೆಕ್ಕ ಅಲ್ಲ. ಬಸ್ಸಿನ ಮೂರು ಮೆಟ್ಲು. ಹಿಂದಿನವರು ನೂಕ್ತಿರ್ತಾರೆ, ಕಂಡಕ್ಟರು ರೈಟ್ ಅಂತಾನೆ. ಅದು ದೂರ."

ಅದೇ ಸಮಯಕ್ಕೆ ಆ ಸುದ್ದಿ ಬಂತು. ನಿಮ್ಮ ಅಪ್ಪ ಪಿಯುಸಿ ಓದುತ್ತಿದ್ದ ವರ್ಷ. ಪಂಪುಸೆಟ್ಟು ಮಾಡುವ ಒಂದು ದೊಡ್ಡ ಕಂಪನಿ ತನ್ನ ಹೆಡ್ ಆಫೀಸನ್ನು ನಮ್ಮ ಜಿಲ್ಲೆಗೆ ತರುತ್ತದಂತೆ, ಶಿವಮೊಗ್ಗವೋ ಭದ್ರಾವತಿಯೋ ಇನ್ನೂ ತೀರ್ಮಾನವಾಗಿಲ್ಲವಂತೆ, ಕಂಪನಿಯವರು ಎರಡೂ ಊರು ನೋಡಲು ಬರುತ್ತಾರಂತೆ. ಎರಡು ಊರಿನವರೂ ಹೆಣ್ಣು ನೋಡಲು ಬರುವವರಿಗೆ ಮನೆ ಸಿಂಗರಿಸಿದ ಹಾಗೆ ಸಿಂಗರಿಸತೊಡಗಿದರು. ಹಾಲಿನಂಗಡಿ ಮುಂದೆ ಬೆಳಿಗ್ಗೆ ಇದೇ ಮಾತು.

"ಶಿವಮೊಗ್ಗದೋರು ಅವರನ್ನ ಸಕ್ರೆಬೈಲಿಗೆ ಕರ್ಕೊಂಡೋಗಿ ಆನೆ ತೋರಿಸ್ತಾರಂತೆ ಮಾರಾಯ."

"ನಾವೇನ್ ತೋರ್ಸೋಣ? ಹೊಗೆ ಕೊಳವೆನಾ?"

"ಜನ ತೋರ್ಸೋಣ. ಆನೆ ಬಂದು ಆಫೀಸಲ್ಲಿ ಕೆಲಸ ಮಾಡುತ್ತಾ?"

ಆಫೀಸಿಗೆ ಭದ್ರಾವತಿಯಲ್ಲಿ ಗೊತ್ತುಮಾಡಿದ್ದ ಜಾಗ ನಮ್ಮ ಸಾಲಿನ ಕೊನೆಯ ಮೈದಾನ. ಒಂದು ಸಂಜೆ ಕೂಗಿನಣ್ಣ ಮಗಳನ್ನು ಕರೆದುಕೊಂಡು ಮನೆ ಬಾಗಿಲಿಂದ ಆ ಮೈದಾನದವರೆಗೆ ನಡೆದು ಬಂದರು. ಬಂದವರೇ ನನ್ನನ್ನು ಕೂಗಿ ಹೇಳಿದರು: "ನಾನೂರ ಹನ್ನೆರಡು ಹೆಜ್ಜೆ ಕಣಮ್ಮ! ನನ್ನ ಹೆಜ್ಜೆ ಅಲ್ಲ, ಇವಳ ಹೆಜ್ಜೆ! ಒಂದು ಮೆಟ್ಲಿಲ್ಲ!" ಮಗಳು ನಾಚಿ, "ಅಪ್ಪಾ, ಊರಿಗೆಲ್ಲ ಕೇಳುತ್ತೆ" ಎಂದು ಒಳಗೆ ಹೋದಳು. ಅವರು ಮಾತ್ರ ಬೇಲಿಯ ಹತ್ತಿರ ನಗುತ್ತಾ ನಿಂತೇ ಇದ್ದರು.

ಕಂಪನಿಯವರು ಬರುವ ಹಿಂದಿನ ದಿನ ನಲ್ಲಿಯ ಹತ್ತಿರ ಹೆಂಗಸರು ಮಾತಾಡಿಕೊಳ್ಳುತ್ತಿದ್ದರು. ಗೆಸ್ಟ್ ಹೌಸಿನಲ್ಲಿ ಮೀಟಿಂಗ್ ಮುಗಿಸಿ ಅವರ ಕಾರುಗಳು ಮಧ್ಯಾಹ್ನ ಮೇನ್ ರೋಡಿನಲ್ಲಿ ಹೋಗುತ್ತವೆ. ಎಲ್ಲರೂ ರಸ್ತೆಯ ಎರಡೂ ಕಡೆ ನಿಲ್ಲಬೇಕು. ಆರತಿ ತಟ್ಟೆ, ಹಾರ, ಡೊಳ್ಳು.

"ಹನ್ನೆರಡರ ಕೂಗಾದ ತಕ್ಷಣ ಮನೆ ಬಿಡ್ಬೇಕಂತೆ."

"ಸ್ವಲ್ಪ ಮುಂಚೆ ಹೋಗಿ ನಿಲ್ಲೋಣ ಕಣೇ."

"ಬೇಡ್ವಂತೆ ಮಾರಾಯ್ತಿ, ಬಿಸಿಲಿಗೆ ಮಕ್ಳು ಬಾಡ್ತಾವೆ. ಕೂಗಾಗ್ಲಿ ಅಂದಿದಾರೆ ಸ್ವಾಗತ ಸಮಿತಿಯೋರು. ಫ್ಯಾಕ್ಟ್ರಿ ಜನಾನೂ ಆಗ್ಲೇ ಗೇಟಿಂದ ಬರ್ತಾರೆ."

ನನ್ನನ್ನು ಯಾರೂ ಬಾ ಎನ್ನಲಿಲ್ಲ. ಗಂಡ ಸತ್ತವಳ ಕೈಗೆ ಆರತಿ ತಟ್ಟೆ ಯಾರು ಕೊಡುತ್ತಾರೆ? ಕೊಡ ತುಂಬಿಕೊಂಡು ಬಂದೆ.

ಅದೇ ಸಂಜೆ ಕೂಗಿನಣ್ಣ ಬೇಲಿಯ ಹತ್ತಿರ ಬಂದು ನನ್ನನ್ನು ಸನ್ನೆ ಮಾಡಿ ಕರೆದರು. ಅವರು ಪಿಸುಗುಟ್ಟಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ನಾಳೆ ಹನ್ನೆರಡರ ಕೂಗು ಇಲ್ಲ ಕಣಮ್ಮ. ಗೆಸ್ಟ್ ಹೌಸು ಪಕ್ಕದಲ್ಲೇ ಅಲ್ವಾ, ಮೀಟಿಂಗ್ ನಡೀತಿರುತ್ತಂತೆ. ಭದ್ರಾವತೀಲಿ ಬರೀ ಸದ್ದು ಅಂತ ಶಿವಮೊಗ್ಗದೋರು ಚಾಡಿ ಹೇಳಿದಾರಂತೆ. ಸಮಿತಿಯೋರು ಇಬ್ರು ಬಂದು ಒಂದೇ ಒಂದು ಕೂಗು ಬಿಟ್ಬಿಡಿ ಅಂದ್ರು. ಬೇಕಂತ್ಲೇ ಬಿಟ್ಟೆ ಅಂತ ಸಾಹೇಬ್ರಿಗೆ ಗೊತ್ತಾದ್ರೆ ನನ್ನ ಕಥೆ ಮುಗೀತು. ಆದ್ರೂ ಮಗಳಿಗೋಸ್ಕರ ಹ್ಞೂಂ ಅಂದ್ಬಿಟ್ಟೆ. ಯಾರಿಗೂ ಹೇಳ್ಬೇಡ."

ಜನರಿಗೆ ಹೇಳಿದ ಸಮಿತಿಯವರು ಬೇರೆ, ಇವರಿಗೆ ಹೇಳಿದವರು ಬೇರೆ. ಎರಡನ್ನೂ ಕೇಳಿಸಿಕೊಂಡವಳು ಆ ಊರಿನಲ್ಲಿ ಪ್ರಾಯಶಃ ನಾನೊಬ್ಬಳೇ.

"ಅಣ್ಣ, ಕೂಗಿಲ್ಲದಿದ್ರೆ ಜನಕ್ಕೆ ಹೆಂಗೆ ಗೊತ್ತಾಗುತ್ತೆ? ಅವರು ಕೂಗಿಗೇ ಕಾಯ್ತಾರೆ" ಅಂದೆ.

ಅಂದದ್ದು ನನ್ನ ದನಿಯಲ್ಲಿ. ಅವರಿಗೆ ತುಟಿ ಅಲ್ಲಾಡಿದ್ದಷ್ಟೇ ಕಂಡಿತು. ಕೇಳಿಸದಿದ್ದಾಗ ಮರ್ಯಾದೆಗೆ ಹೌದೆಂದು ತಲೆಯಾಡಿಸುವುದು ಅವರ ರೂಢಿ. ಹಾಗೇ ತಲೆಯಾಡಿಸಿ, ನಕ್ಕು, ಒಳಗೆ ಹೋದರು. ಮತ್ತೆ ಹೇಳಬೇಕಾದರೆ ಕಿರುಚಬೇಕಿತ್ತು. ಬೀದಿಯಲ್ಲಿ ಗಂಡಸರು ತೋರಣ ಕಟ್ಟುತ್ತಿದ್ದರು. ಕೂಗಿನಣ್ಣನ ಗುಟ್ಟನ್ನು ನಾನೇ ಬೀದಿಗೆ ಹಾಕಿದ ಹಾಗಾಗುತ್ತದೆ ಅಂದುಕೊಂಡೆ. ದೊಡ್ಡವರು ಬೇರೇನಾದರೂ ಏರ್ಪಾಟು ಮಾಡಿರುತ್ತಾರೆ ಎಂದೂ ಅಂದುಕೊಂಡೆ. ಬೇಲಿ ದಾಟಿ ಅವರ ಮನೆಗೆ ಹೋಗಿ ಮಗಳಿಗಾದರೂ ಹೇಳಬಹುದಿತ್ತು. ಹೋಗಲಿಲ್ಲ.

ಮಾರನೆಯ ದಿನ ಕ್ಯಾಂಟೀನಿನಲ್ಲಿ ಅನ್ನ, ಸಾರು ಬಡಿಸಲು ಸಿದ್ಧ ಮಾಡಿ ನಿಂತಿದ್ದೆವು. ಗೋಡೆ ಗಡಿಯಾರದಲ್ಲಿ ಹನ್ನೆರಡಾಯಿತು. ಹನ್ನೆರಡೂ ಐದು. ಒಬ್ಬ ಕೆಲಸಗಾರನೂ ಒಳಗೆ ಬರಲಿಲ್ಲ. "ಈ ಗಡಿಯಾರ ಮುಂದೆ ಓಡ್ತಿದೆ" ಎಂದು ನಮ್ಮ ಮೇಸ್ತ್ರಿ ಸ್ಟೂಲು ಹತ್ತಿ ಮುಳ್ಳನ್ನು ಹಿಂದಕ್ಕೆ ತಿರುಗಿಸಿದ. ಕ್ಯಾಂಟೀನಿನ ಕಿಟಕಿಯಿಂದ ಮೇನ್ ರೋಡು ಕಾಣುತ್ತಿತ್ತು. ತೋರಣ, ಬಾಳೆಕಂದು, ಬಟ್ಟೆಯ ಮೇಲೆ ಬರೆದ ಸುಸ್ವಾಗತ. ಅದರ ಕೆಳಗೆ ಒಂದು ನರಪಿಳ್ಳೆ ಇಲ್ಲ. ನಾಲ್ಕು ಕಾರುಗಳು ಒಂದರ ಹಿಂದೆ ಒಂದು ಬಂದವು, ಸ್ವಲ್ಪ ನಿಧಾನ ಮಾಡಿದವು, ಆಮೇಲೆ ಹೋಗಿಬಿಟ್ಟವು. ಬಾಯ್ಲರ್ ಮನೆ ನೂರು ಮಾರು ದೂರ. ಹನ್ನೆರಡಾದಾಗಲೇ ಓಡಿ ಹೋಗಿ ಹೇಳಿದ್ದರೆ ಐದು ನಿಮಿಷ ತಡವಾಗಿಯಾದರೂ ಕೂಗಾಗುತ್ತಿತ್ತು. ಕೈಯಲ್ಲಿ ಸೌಟು ಹಿಡಿದುಕೊಂಡು ನಿಂತೇ ಇದ್ದೆ.

ಒಂದು ಗಂಟೆಯ ಕೂಗನ್ನು ಯಾರೂ ಬೇಡ ಅಂದಿರಲಿಲ್ಲ. ಕೂಗಿನಣ್ಣ ಸರಿಯಾಗಿ ಒಂದಕ್ಕೆ ಸರಪಳಿ ಎಳೆದರು. ಅದನ್ನೇ ಹನ್ನೆರಡರದೆಂದು ತಿಳಿದು ಇಡೀ ಊರು ರಸ್ತೆಗೆ ಬಂತು. ರೇಷ್ಮೆ ಸೀರೆ, ಆರತಿ, ಡೊಳ್ಳು, ಕಾಗದದ ಬಾವುಟ ಹಿಡಿದ ಮಕ್ಕಳು. ಅಷ್ಟು ಹೊತ್ತಿಗೆ ಕಾರುಗಳು ಸೇತುವೆ ದಾಟಿ ಶಿವಮೊಗ್ಗದ ದಾರಿ ಹಿಡಿದಿದ್ದವು. ಡೊಳ್ಳಿನವರು ತಿಳಿಯದೆ ಬಹಳ ಹೊತ್ತು ಬಾರಿಸಿದರು.

ಆಫೀಸು ಶಿವಮೊಗ್ಗಕ್ಕೆ ಹೋಯಿತು. ಅದೊಂದೇ ಕಾರಣವಾಗಿರಲಿಕ್ಕಿಲ್ಲ, ಅಷ್ಟು ದೊಡ್ಡವರು ಬೇರೆಯೂ ನೋಡಿರುತ್ತಾರೆ. ಆದರೆ "ಊರಲ್ಲಿ ಜನಾನೇ ಇಲ್ವಲ್ಲ" ಎಂದು ಕಾರಿನಲ್ಲಿದ್ದವರು ಅಂದರಂತೆ. ಆ ಮಾತು ಊರಿಡೀ ಸುತ್ತಿತು. ಕೂಗಿನವನು ನಿದ್ದೆ ಹೊಡೆದ ಎಂದು ಜನ ತೀರ್ಮಾನಿಸಿದರು. ಸಮಿತಿಯ ಆ ಇಬ್ಬರು ಬಾಯಿ ಬಿಡಲಿಲ್ಲ. ಸಾಹೇಬರು ಕರೆಸಿ ಮೆಮೊ ಕೊಟ್ಟಾಗಲೂ ಇವರು ಯಾರ ಹೆಸರನ್ನೂ ಹೇಳಲಿಲ್ಲ. "ಸರಪಳಿ ನನ್ನ ಕೈಯಲ್ಲಿ ತಾನೇ ಇದ್ದಿದ್ದು" ಅಂದರು, ಅಷ್ಟೆ.

ಹಾಲಿನಂಗಡಿಯಲ್ಲಿ ಅವರ ಬೆನ್ನ ಹಿಂದೆ, "ಏನಣ್ಣ, ಅವತ್ತು ಒಳ್ಳೆ ನಿದ್ದೆನಾ?" ಎನ್ನುತ್ತಿದ್ದರು. ಅವರಿಗೆ ಕೇಳಿಸುತ್ತಿರಲಿಲ್ಲ. ಹಾಲು ತೆಗೆದುಕೊಂಡು ಎಲ್ಲರಿಗೂ ನಕ್ಕು ಹೋಗುತ್ತಿದ್ದರು. ಅವರ ಪಾಲಿನ ಮಾತನ್ನೆಲ್ಲ ಪಕ್ಕದಲ್ಲಿ ನಿಂತು ನಾನು ಕೇಳಿಸಿಕೊಂಡೆ.

ಮಗಳಿಗೆ ಶಿವಮೊಗ್ಗದ ಅದೇ ಆಫೀಸಿನಲ್ಲಿ ಕೆಲಸ ಸಿಕ್ಕಿತು. ದಿನಾ ಬೆಳಿಗ್ಗೆ ಅವರು ಬಸ್ ಸ್ಟಾಪಿಗೆ ಹೋಗಿ ಅವಳನ್ನು ಎತ್ತಿ ಮೆಟ್ಟಿಲ ಮೇಲೆ ನಿಲ್ಲಿಸುತ್ತಿದ್ದರು. ಸಂಜೆ ಆ ಕಡೆಯಿಂದ ಹತ್ತಿಸುವವರು ಯಾರು? ಒಂದು ದಿನ ಎರಡನೇ ಮೆಟ್ಟಿಲಿನಲ್ಲಿದ್ದಾಗಲೇ ಬಸ್ಸು ಹೊರಟು ಬಿದ್ದಳು. ಒಳ್ಳೆಯ ಕಾಲಿಗೇ ಪೆಟ್ಟಾಯಿತು. ಅದೇ ವರ್ಷ ಅವರಿಗೆ ನಿವೃತ್ತಿಯೂ ಆಗಿ ಕ್ವಾರ್ಟರ್ಸು ಬಿಡಬೇಕಾಯಿತು. ಶಿವಮೊಗ್ಗದ ದುರ್ಗಿಗುಡಿಯ ಒಂದು ವಠಾರದಲ್ಲಿ ಕೆಳಗಿನ ಕೋಣೆ ಹಿಡಿದು ಹೋದರು. ಯಾವ ಊರಿನ ಮುಂದೆ ಸೋತರೋ ಅದೇ ಊರಿನಲ್ಲಿ ಬಾಡಿಗೆಗೆ.

ಅಲ್ಲಿ ಕೂಗಿಲ್ಲ. ಮಗಳು ಅನ್ನ ಮುಚ್ಚಿಟ್ಟು ಕೆಲಸಕ್ಕೆ ಹೋದರೆ ಸಂಜೆ ಬಂದಾಗ ತಟ್ಟೆ ಹಾಗೇ ಇರುತ್ತಿತ್ತಂತೆ. "ಹೊತ್ತಾಗಿದ್ದು ಗೊತ್ತಾಗ್ಲಿಲ್ಲ" ಎನ್ನುತ್ತಿದ್ದರಂತೆ. ಎದುರಿಗೆ ಗಡಿಯಾರ ತೂಗುಹಾಕಿದಳು. "ಅದು ಸುಮ್ನೆ ತಿರುಗುತ್ತೆ, ಕರೆಯಲ್ಲ" ಅಂದರಂತೆ. ಇದನ್ನೆಲ್ಲ ಅವಳು ಫೋನಿನಲ್ಲಿ ಹೇಳಿದ ವಾರವೇ, ಒಂದು ಭಾನುವಾರ, ಕೋಡುಬಳೆ ಕಟ್ಟಿಕೊಂಡು ಹೊರಟೆ. ನಾನು ಒಬ್ಬಳೇ ಬಸ್ಸು ಹತ್ತಿದ್ದು ಅದೇ ಮೊದಲು.

ಬಹಳ ಇಳಿದುಹೋಗಿದ್ದರು. ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತಿದ್ದರು. ಕಿವಿಯ ಹತ್ತಿ ಈಗ ಬೆಳ್ಳಗೆ, ಮಸಿಯಿಲ್ಲದೆ ಇತ್ತು. ಅದನ್ನು ನೋಡಿಯೇ ನನಗೆ ತಡೆಯಲಾಗಲಿಲ್ಲ. ಚೀಲ ಕೆಳಗಿಟ್ಟು ನಿಂತಲ್ಲೇ ಕಿರುಚಿದೆ.

"ಅಣ್ಣಾ! ಅವತ್ತು ನಂಗೆ ಗೊತ್ತಿತ್ತು! ಜನ ಹನ್ನೆರಡರ ಕೂಗಿಗೇ ಕಾಯ್ತಾರೆ ಅಂತ ನಂಗೆ ಮೊದ್ಲೇ ಗೊತ್ತಿತ್ತು! ಬೇಲಿ ಹತ್ರ ಒಂದ್ಸಲ ಹೇಳ್ದೆ, ನಿಮಗೆ ಕೇಳಿಸ್ಲಿಲ್ಲ! ಇನ್ನೊಂದ್ಸಲ ಹೇಳ್ಲಿಲ್ಲ ಅಣ್ಣಾ!"

ವಠಾರದ ಮಹಡಿಯಿಂದ ಇಬ್ಬರು ಹೆಂಗಸರು ಬಗ್ಗಿ ನೋಡಿದರು. ಅಡುಗೆಮನೆಯಿಂದ ಮಗಳು ಕೈ ಒರೆಸಿಕೊಳ್ಳುತ್ತಾ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಕೂಗಿನಣ್ಣ ಒಂದು ಕಿವಿಯ ಹತ್ತಿಯನ್ನು ತೆಗೆದು ಅಂಗೈಯಲ್ಲಿ ಇಟ್ಟುಕೊಂಡು ನನ್ನನ್ನು ನೋಡಿದರು.

"ಇಷ್ಟು ದೊಡ್ಡ ದನಿ ಎಲ್ಲಿಟ್ಟಿದ್ದೆ ಕಣಮ್ಮ, ಇಷ್ಟು ದಿನ?"

ಅಷ್ಟೇ ಕೇಳಿದರು. ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು. ಮಗಳು ಒಳಗೆ ಹೋಗಿ ಕಾಫಿ ತಂದಿಟ್ಟಳು. "ಆರಿಹೋಗುತ್ತೆ ಆಂಟಿ, ಕುಡೀರಿ" ಅಂದಳು. ಮೂವರೂ ಕೋಡುಬಳೆ ತಿಂದೆವು. ಅವರಿಗೆ ಗಟ್ಟಿಯದನ್ನು ಅಗಿಯಲಾಗದೆ ಕಾಫಿಯಲ್ಲಿ ಅದ್ದಿಕೊಂಡರು.

ಮುಂದಿನ ದೀಪಾವಳಿಗೆ ಅವರಿರಲಿಲ್ಲ. ಸಂಸ್ಕಾರ ಭದ್ರೆಯ ದಡದಲ್ಲೇ ಆಗಬೇಕೆಂದು ಹೇಳಿದ್ದರಂತೆ, ವ್ಯಾನಿನಲ್ಲಿ ತಂದರು. ನಮ್ಮ ಸಾಲಿನಿಂದ ಹತ್ತು ಹನ್ನೆರಡು ಜನ ಬಂದಿದ್ದರು. ಆ ಹೊತ್ತಿನಲ್ಲಿ ಕಾರ್ಖಾನೆಯ ಕೂಗು ಆಗಿರಲೇಬೇಕು. ನಾನು ಕೇಳಿಸಿಕೊಂಡ ನೆನಪಿಲ್ಲ.

ಅಜ್ಜಿ ಯಾವ ಮಾತನ್ನೂ ಎರಡೆರಡು ಸಲ ಹೇಳುತ್ತಾಳೆ, ಊಟಕ್ಕೆ ಕರೆದರೆ ನಾಲ್ಕು ಮನೆಗೆ ಕೇಳುತ್ತದೆ ಎಂದು ನೀವು ನಗುತ್ತೀರಿ. ನಗಿ. "ಕೇಳಿಸ್ತು ಅಜ್ಜಿ" ಎಂದು ನೀವು ತಲೆಯಾಡಿಸಿದಾಗಲೂ ನಾನು ಬಾಗಿಲವರೆಗೆ ಬಂದು ಇನ್ನೊಂದು ಸಲ ಹೇಳುತ್ತೇನಲ್ಲ, ಅದು ನಿಮಗೆ ಹೇಳುವುದಲ್ಲ.